ಗುಟ್ಟಿಗೊಂದು ಬ್ಲೂಟೂತ್

ಕುಂತೂರಿನ ವೃಷಭೇಂದ್ರಪ್ಪನಿಗೆ ಮೂಲವ್ಯಾಧಿಗಿಂತ, ಅದು ಬೀದಿಗೆ ಗೊತ್ತಾದರೇನು ಗತಿ ಎಂಬ ಯೋಚನೆಯೇ ಹೆಚ್ಚು ಉರಿಯುತ್ತಿತ್ತು. ಹಿಂದಿನ ವರ್ಷ ಹಲ್ಲುನೋವು ಬಂದಾಗ ಇಡೀ ಬೀದಿ ಬಂದು ಬಾಯಿ ತೆಗೆಸಿ ನೋಡಿತ್ತು. ಈ ಸಲ ಏನನ್ನು ತೋರಿಸು ಅಂದಾರು?

ಕೊಳ್ಳೇಗಾಲದ ಆಸ್ಪತ್ರೆಗೆ ಹೋದರೆ ಅಲ್ಲೂ ಊರಿನವರೇ ಸಾಲಾಗಿ ಕೂತಿರುತ್ತಾರೆ. ಅದಕ್ಕೇ ಮೈಸೂರಿನ ಡಾಕ್ಟರೊಬ್ಬರ ಜೊತೆ ಮನೆಯ ಕಂಪ್ಯೂಟರಿನಲ್ಲೇ ಮಾತಾಡಲು ಸಂಜೆ ನಾಲ್ಕಕ್ಕೆ ಗೊತ್ತು ಮಾಡಿಕೊಂಡಿದ್ದ. ಆದರೆ ಅದರ ಸ್ಪೀಕರ್ ಪಕ್ಕದ ಮನೆಗೂ ಕೇಳುವಂಥದ್ದು. ಹೆಡ್‌ಫೋನಿನ ವಯರ್ ಚುಚ್ಚುವ ತೂತು ಕೆಟ್ಟಿತ್ತು. ವಯರಿಲ್ಲದ ಹೆಡ್‌ಫೋನ್ ತಂದರೆ, ಹಾಳು ಹಳೇ ಪೆಟ್ಟಿಗೆಗೆ ಬ್ಲೂಟೂತೇ ಇಲ್ಲ!

ಹಲ್ಲು ಕಡಿಯುತ್ತಾ ಕೊಳ್ಳೇಗಾಲದ ಬಸ್ಸು ಹತ್ತಿ, ಕಂಬಿ ಹಿಡಿದು ನಿಂತ.

"ಸೀಟ್ ಖಾಲಿ ಅದಲ್ಲಾ, ಕೂತ್ಕಳಿ ಯಜಮಾನ್ರೆ," ಎಂದ ಕಂಡಕ್ಟರ್.

"ನಾ ನಿಂತ್ಕಂಡ್ರೆ ನಿಂಗೇನ್ಲಾ ನೋವು?"

ಅಂಗಡಿಯವನು ಉಗುರಿನಷ್ಟು ಗಾತ್ರದ ಡಾಂಗಲ್ ಕೊಟ್ಟು, ಕಂಪ್ಯೂಟರಿಗೆ ಇದನ್ನು ಚುಚ್ಚಿದರೆ ಸಾಕು, ಬ್ಲೂಟೂತ್ ಬರುತ್ತದೆ ಎಂದ. ಮನೆಗೆ ಬಂದು ಚುಚ್ಚಿದರೆ ಕಂಪ್ಯೂಟರು ಮಳೆಗೆ ನಿಂತ ಎಮ್ಮೆಯ ಹಾಗೆ ಸುಮ್ಮನಿತ್ತು. ಅಷ್ಟರಲ್ಲಿ ಎದುರುಮನೆಯ ಮಾದಸ್ವಾಮಿ ಕರೆಯದೆಯೇ ಒಳಗೆ ಬಂದ. ಪಂಪ್‌ಸೆಟ್ ರಿಪೇರಿಯವನಿಗೆ ಕೆಟ್ಟ ಯಂತ್ರದ ವಾಸನೆ ಬೀದಿಯಾಚೆಗೂ ಬಡಿಯುತ್ತದೆ.

"ಮುಂದಿನ ತೂತು ಸತ್ತೋಗದೆ ಕಣಣ್ಣ. ಇಂದ್ಗಡೆ ಚುಚ್ಚು."

"ಇಂದ್ಗಡೆ ಇಚಾರ ಎತ್ತಬ್ಯಾಡ!" ಎಂದು ವೃಷಭೇಂದ್ರಪ್ಪ ಗುಡುಗಿದ. ಮಾದಸ್ವಾಮಿ ಕಣ್ಣು ಕಣ್ಣು ಬಿಟ್ಟ. ಆಮೇಲೆ ತಾನೇ ಬಗ್ಗಿ ಹಿಂದೆ ಚುಚ್ಚಿದ. ಬ್ಲೂಟೂತ್ ಬಂತು. ವೃಷಭೇಂದ್ರಪ್ಪ ತೆರೆಯ ಮೇಲೆ ಮೂಡಿದ ಮೊದಲ ಹೆಸರನ್ನೇ ಒತ್ತಿ ಒಂದು ಹಾಡು ಹಾಕಿದ.

ಹಾಡು ಪಕ್ಕದ ಮನೆಯಲ್ಲಿ ಕೇಳಿತು. ಆಗಷ್ಟೇ ತನ್ನ ಹೊಸ ಸ್ಪೀಕರ್ ಆನ್ ಮಾಡಿದ್ದ ಶಿವರತ್ನಮ್ಮ ಸೌಟು ಹಿಡಿದೇ ಓಡಿಬಂದಳು.

"ನಮ್ಮನೆ ಡಬ್ಬುದ್ ಒಳಕ್ಕೆ ಯಾಕಣ್ಣ ನುಗ್ಗಿದ್ದೀಯೆ? ಅದ್ಸರಿ, ಇದೆಲ್ಲಾ ಯಾತಕ್ಕೆ?"

"ಭಜನೆ ಕೇಳಕ್ಕೆ!"

"ಭಜನೆ ಕೇಳೋರ್ ಮೊಕ ಇಂಗಿರ್ತದಾ?"

ಕೊನೆಗೆ ಹೆಂಡತಿ ಮಹಾದೇವಮ್ಮ ಹೆಡ್‌ಫೋನ್ ಬಂದಿದ್ದ ಡಬ್ಬಿಯ ಮೇಲಿನ ಚಿತ್ರ ನೋಡಿ, ಅದರ ಗುಂಡಿಯನ್ನು ದೀಪ ಮಿಣುಕುವ ತನಕ ಒತ್ತಿ ಹಿಡಿದಳು. ಅದರ ಹೆಸರೂ ತೆರೆಯ ಮೇಲೆ ಬಂತು. ನಾಲ್ಕಕ್ಕೆ ಐದು ನಿಮಿಷವಿತ್ತು. ವೃಷಭೇಂದ್ರಪ್ಪ ಇಬ್ಬರನ್ನೂ ಕೋಳಿ ಅಟ್ಟಿದ ಹಾಗೆ ಆಚೆಗಟ್ಟಿ ಅಗುಳಿ ಹಾಕಿದ.

ಹೆಡ್‌ಫೋನ್ ಕಿವಿಯನ್ನು ಮೆತ್ತಗೆ ಮುಚ್ಚಿತು. ಲೋಕದ ಸದ್ದೆಲ್ಲ ಅಡಗಿ ಡಾಕ್ಟರ ದನಿಯೊಂದೇ ಉಳಿಯಿತು. ದಿನವಿಡೀ ಕುದಿಯುತ್ತಿದ್ದ ಮನಸ್ಸಿಗೆ ಎಂಥ ತಂಪು! ಎಲ್ಲಿ, ಎಷ್ಟು ದಿನದಿಂದ, ರಕ್ತ ಬರುತ್ತದೆಯೇ ಎಂದು ಅವರು ಕೇಳಿದ್ದಕ್ಕೆಲ್ಲ ಏನೂ ಮುಚ್ಚಿಡದೆ ಹೇಳಿದ. ನಡುವೆ ಮಹಾದೇವಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡೂ ಕೈ ಬೀಸತೊಡಗಿದಳು. ಕಾಫಿ ಬೇಕಾ ಎನ್ನುತ್ತಿದ್ದಾಳೆಂದು ತಿಳಿದು ಕಣ್ಣು ಕೆಕ್ಕರಿಸಿದ.

ಮಾತು ಮುಗಿಯಿತು. ಗೆದ್ದೆನೆಂದು ಹೆಡ್‌ಫೋನ್ ತೆಗೆದ.

"ಮೆಲ್ಗೆ ಮಾತಾಡಿ ಅಂತ ಬಡ್ಕಂಡೆ," ಎಂದಳು ಮಹಾದೇವಮ್ಮ, ಸೆರಗಿನಿಂದ ಮುಖ ಮುಚ್ಚಿಕೊಂಡು. "ಕಿವಿ ಮುಚ್ಕಂಡು, ಕಬ್ಬಿನ್ ಗದ್ದೆ ಆ ತುದೀಲಿರೋ ಆಳ್ನ ಕೂಗ್ದಂಗೆ ಕೂಗುದ್ರಲ್ರೀ!"

ವೃಷಭೇಂದ್ರಪ್ಪ ಅಗುಳಿ ತೆಗೆದ. ಜಗಲಿಯ ತುಂಬ ಜನ. ಒಬ್ಬರ ಕೈಯಲ್ಲಿ ಮಜ್ಜಿಗೆ ಚೆಂಬು, ಇನ್ನೊಬ್ಬರ ಕೈಯಲ್ಲಿ ಯಾವುದೋ ಸೊಪ್ಪು. ಮಾದಸ್ವಾಮಿ ಟ್ರ್ಯಾಕ್ಟರ್ ಸೀಟಿನ ಮೆತ್ತೆಯನ್ನೇ ಕಿತ್ತು ತಂದಿದ್ದ.

ಶಿವರತ್ನಮ್ಮ ಎಲ್ಲರನ್ನೂ ಸರಿಸಿ ಮುಂದೆ ಬಂದಳು.

"ನೀ ಏಳಿದ್ದೆಲ್ಲಾ ಚೆನ್ನಾಗ್ ಕೇಳುಸ್ತು ಕಣಣ್ಣ. ಡಾಕ್ಟ್ರು ಏಳಿದ್ದೇ ಕೇಳುಸ್ನಿಲ್ಲ. ಅದೊಂಚೂರು ಏಳ್ಬುಡು, ನಿಂತೂ ನಿಂತೂ ನಮ್ಗೂ ಕಾಲ್ ನೋಯ್ತಾವೆ."