ಸಮುದ್ರದ ಮೇಲಿನ ಮಳೆ, ಮಾವನ ಭತ್ತ

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಮಸ್ಕಿಯಲ್ಲಿ ವಿಜ್ಞಾನದ ಮಾಸ್ತರ. ಮಳೆಯ ಬಗ್ಗೆ ನನಗೆ ತಿಳಿಯದ್ದು ಏನೂ ಉಳಿದಿಲ್ಲ ಎಂದು ಖಾತ್ರಿಯಾಗಿ ನಂಬಿದ್ದೆ. ಯಾಕೆಂದರೆ ಲಿಂಗಸುಗೂರಿನಿಂದ ತಂದ ಪತ್ರಿಕೆಯೊಂದರಲ್ಲಿ ಆ ಕುರಿತು ಲೇಖನ ಓದಿದ್ದೆ. ಒಂದೇ ಲೇಖನ!

ಸಮುದ್ರದ ಮೇಲೆ ಮಳೆ ಅಳೆಯಲು ಪಾತ್ರೆ ಇಡುವವರಾರು? ಅದಕ್ಕೆ ವಿಜ್ಞಾನಿಗಳು ವಿಮಾನ ಹಾರಿಸುತ್ತಾರೆ. ಅದರೊಳಗಿನ ಒಂದು ಯಂತ್ರ ಮಳೆಹನಿಗಳಿಂದ ಬರುವ ಸೂಕ್ಷ್ಮತರಂಗ ಹಿಡಿಯುತ್ತದೆ. ಇನ್ನೊಂದು ಯಂತ್ರ, ರೇಡಾರ್, ತಾನೇ ತರಂಗ ಕಳಿಸಿ, ಹನಿಗೆ ಬಡಿದು ವಾಪಸು ಬಂದದ್ದನ್ನು ನೋಡಿ ಮಳೆ ಎಷ್ಟೆಂದು ಹೇಳುತ್ತದೆ.

ಈ ಜ್ಞಾನ ಹೊತ್ತು ಒಂದು ಭಾನುವಾರ ಹೆಂಡತಿ ನೀಲಮ್ಮನ ಜೊತೆ ದಢೇಸುಗೂರಿಗೆ, ಮಾವನ ಮನೆಗೆ ಹೋದೆ. ಕೊಯ್ದ ಭತ್ತ ಗದ್ದೆಯಲ್ಲಿ ಒಣಗಲು ಬಿದ್ದಿತ್ತು. ಆ ಮನೆಯ ವರ್ಷದ ಊಟ ಅದೇ. ಮೂಡಣದಲ್ಲಿ ಮೋಡ ಕಟ್ಟಿತ್ತು. ಅದನ್ನು ಸಣ್ಣ ಕಟ್ಟುಗಳಾಗಿ ಸಿವುಡು ಕಟ್ಟಿಸಿ ಬಣವೆ ಒಟ್ಟಲು ಮಾವ ಆಳುಗಳನ್ನು ಕರೆಸಿದ್ದರು.

"ಮಾವಾರ, ಅವಸರ ಯಾಕ್ರೀ? ಇನ್ನೆರಡು ದಿನ ಒಣಗಲಿ," ಎಂದೆ. ಬದುವಿನ ಮೇಲೆ ಕೂತು ಕಡ್ಡಿಯಿಂದ ಸಮುದ್ರ ಬರೆದೆ, ವಿಮಾನ ಬರೆದೆ. "ವಿಮಾನದವ್ರು ಅಳದಾರ. ಮಳಿ ಎಲ್ಲಾ ಸಮುದ್ರದಾಗ ಬಿದ್ದು ಹೋಗೈತಿ. ಈ ಮೋಡ ಬರೇ ಖಾಲಿ ಚೀಲ!"

"ರೀ, ಸುಮ್ನಿರ್ರಿ. ಅಪ್ಪ ಹುಟ್ಟಿದಾಗಿಂದ ಮೋಡ ನೋಡ್ಯಾನ," ಎಂದಳು ನೀಲಮ್ಮ.

ಮಾವ ಒಮ್ಮೆ ಮೋಡ ನೋಡಿದರು, ಒಮ್ಮೆ ನನ್ನ ಕನ್ನಡಕ ನೋಡಿದರು. ಆಳುಗಳ ಎದುರು ಅಳಿಯನ ಮಾತು ತೆಗೆದುಹಾಕುವ ಪದ್ಧತಿ ಅವರ ಮನೆಯಲ್ಲಿ ಇರಲಿಲ್ಲ. "ಅಳಿಯಂದ್ರು ಓದಿದವ್ರು. ಹೋಗ್ರಪಾ, ನಾಡಿದ್ದು ಬರ್ರಿ," ಎಂದರು.

ಸಂಜೆ ಬಸ್ಸು ಹತ್ತುವಾಗಲೇ ಹನಿ ಬಿತ್ತು. "ಇದು ಮಂಜು," ಎಂದು ಘೋಷಿಸಿದೆ. ಆ ಮಂಜು ಮೂರು ದಿನ ಧೋ ಎಂದು ಸುರಿಯಿತು!

ಮನೆಯಲ್ಲಿ ನೀಲಮ್ಮ ಆ ಪತ್ರಿಕೆ ತೆರೆದಳು. "ಇದು ಶಾಂತ ಮಹಾಸಾಗರ ಅಂತ ಬರದೈತಲ್ರೀ! ಅದೂ ಹೋದ ವರ್ಷದ್ದು!"

"ಸಮುದ್ರ ಯಾವುದಾದ್ರೇನು, ನೀರು ನೀರೇ," ಎಂದು ವಾದಿಸಿದೆ. ಅವಳು ಅಳುತ್ತಿದ್ದಳು.

ನಾಲ್ಕನೇ ದಿನ ಹೋದಾಗ ಭತ್ತ ನೀರಲ್ಲೇ ಮೊಳಕೆ ಒಡೆದಿತ್ತು. ಮಾವ ಒಬ್ಬರೇ ಒಂದೊಂದೇ ಸಿವುಡು ಕಟ್ಟಿ ಎತ್ತಿ ಬದುವಿಗಿಡುತ್ತಿದ್ದರು. ಸಹಾಯಕ್ಕೆಂದು ಇಳಿದೆ. ಕೆಸರಲ್ಲಿ ಜಾರಿ, ಅವರು ಎತ್ತಿಟ್ಟಿದ್ದರ ಮೇಲೆಯೇ ಬಿದ್ದೆ! ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ತಿಂಗಳ ಮೇಲೆ ಮಾವ ಚೀಲ ಹೊತ್ತು ಮಸ್ಕಿಯಲ್ಲಿ ಬಸ್ಸಿಳಿದರು. ವರ್ಷವೂ ಮಗಳ ಮನೆಗೆ ಹೊಸ ಅಕ್ಕಿ ಕೊಡುವುದು ಅವರ ರೂಢಿ. ಕಣದ ಹತ್ತಿರ ಮೊದಲೇ ಒಟ್ಟಿದ್ದ ಒಂದಿಷ್ಟು ಭತ್ತ ನೆನೆಯದೆ ಉಳಿದಿತ್ತಂತೆ.

"ಮನಸಿಗೆ ಹಚ್ಕೋಬ್ಯಾಡ್ರಿ ಅಳಿಯಂದ್ರ," ಎಂದರು. "ನೀವು ಓದಿದ್ದು ಖರೇನ ಇರಬೇಕು. ಮಳಿಗೆ ಓದಾಕ ಬರಂಗಿಲ್ಲ, ಅಷ್ಟ."

ಅವರು ಹೋದ ಮೇಲೆ ನೀಲಮ್ಮ ಅನ್ನ ಬಡಿಸಿದಳು. ಬೆಳ್ಳಗೆ ಅರಳಿತ್ತು.

"ಒಳ್ಳೇ ಅಕ್ಕಿ ಇದೊಂದ ಚೀಲ ಇತ್ತಂತ. ಅಪ್ಪನ ಮನ್ಯಾಗ ಎಲ್ಲಾರೂ ಆ ನೆಂದ ಭತ್ತದ ಕರೀ ಅಕ್ಕಿ ಉಣ್ಣಾಕತ್ತಾರ," ಎಂದಳು.

ನಾನು ತಟ್ಟೆ ನೋಡಿದೆ. ಆ ಹೊತ್ತಿಗೆ ಎರಡನೇ ಸಲ ಬಡಿಸಿಕೊಂಡಾಗಿತ್ತು.