ಶಿವವ್ವನ ನೆಲಮಾಳಿಗೆ

ಭೂಕಂಪವು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಅಂದರೆ ಕಚೇರಿ ವೇಳೆಯಲ್ಲಿಯೇ, ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಏಕಕಾಲಕ್ಕೆ ಸಂಭವಿಸಿತು ಎಂಬುದನ್ನು ಮೊದಲಿಗೆ ದಾಖಲಿಸುತ್ತೇನೆ. ನಮ್ಮ ಕಚೇರಿಯ ಸಿಬ್ಬಂದಿ ಅನುಮತಿ ಪಡೆಯದೆ ಹೊರಗೆ ಓಡಿದ್ದರಿಂದ ಆ ದಿನದ ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರಿನ ಮುಂದೆ 'ಕ್ಷೇತ್ರ ಭೇಟಿ' ಎಂದು ಬರೆಯಲಾಯಿತು. ಬರೆದವನು ನಾನೇ. ಮೂರು ದಿನ ಬಿಟ್ಟು ರಬಕವಿಯಲ್ಲಿ 'ಭೂಕಂಪ ಸಂತ್ರಸ್ತ ಕುಟುಂಬಗಳ ಸಮಗ್ರ ಪರಿಹಾರ ಕೋಶ' ಸ್ಥಾಪನೆಯಾದಾಗ, ಕ್ಷೇತ್ರದ ಅನುಭವ ಇದ್ದವನೆಂಬ ಕಾರಣಕ್ಕೆ ನನ್ನನ್ನೇ ಅದರ ಗುಮಾಸ್ತನನ್ನಾಗಿ ನೇಮಿಸಿದರು.

ಕೋಶದ ಕೆಲಸ ಸರಳವಾಗಿತ್ತು. ಮನೆ ಪೂರ್ತಿ ಬಿದ್ದ ಪ್ರತಿ ಕುಟುಂಬಕ್ಕೂ ಒಂದು ತಗಡಿನ ಶೆಡ್ ಕಟ್ಟಿಕೊಡಬೇಕು. ತಗಡುಗಳು ಹದಿನೆಂಟು ಲಾರಿಗಳಲ್ಲಿ ಬಂದವು. ಬಯಲಿನಲ್ಲಿಟ್ಟರೆ ಮಳೆಗೆ ತುಕ್ಕು ಹಿಡಿಯುತ್ತವೆ ಎಂದು ಲೆಕ್ಕ ಪರಿಶೋಧಕರು ಆಕ್ಷೇಪಿಸಿದ್ದರಿಂದ, ಮೊದಲು ತಗಡುಗಳಿಗೇ ಒಂದು ಶೆಡ್ ಕಟ್ಟಲಾಯಿತು. ಅದಕ್ಕೆ ಹನ್ನೊಂದು ಲಾರಿ ತಗಡು ಹಿಡಿಯಿತು. ಉಳಿದ ಏಳು ಲಾರಿಯ ಸರಕು ಅದರೊಳಗೆ ಒಂದು ಹನಿ ನೀರು ತಾಗದಂತೆ ಕುಳಿತಿತ್ತು. ಈ ವಿಷಯದಲ್ಲಿ ಕೋಶದ ಕಡೆ ಯಾರೂ ಬೆರಳು ತೋರಿಸುವಂತಿಲ್ಲ.

ಶಿವವ್ವ ನಮ್ಮ ನಾಲ್ಕುನೂರಾ ಹನ್ನೆರಡನೆಯ ಅರ್ಜಿದಾರಳು. ಅವಳ ಗಂಡ ಚನಮಲ್ಲಪ್ಪ ಕುಣಿ ಮಗ್ಗದಲ್ಲಿ ಸೀರೆ ನೇಯುವವನು. ಈ ಮಗ್ಗಕ್ಕೆ ನೆಲದಲ್ಲಿ ಒಂದು ಕುಣಿ ತೋಡಿ, ಸುತ್ತ ಕಲ್ಲು ಕಟ್ಟಿರುತ್ತಾರೆ. ನೇಕಾರ ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು ತುಳಿಯುತ್ತಾನೆ. ಭೂಮಿ ನಡುಗಿದಾಗ ಹೆಂಗಸರು ಹೊರಗೆ ನಳದ ಹತ್ತಿರ ಇದ್ದರು, ಚನಮಲ್ಲಪ್ಪ ಮಗ್ಗದ ಮೇಲಿದ್ದ. ಗೋಡೆ ವಾಲಿದ್ದನ್ನು ಕಂಡವನೇ ಕುಣಿಯೊಳಗೆ ಜಾರಿ ಮುದುಡಿ ಕೂತ. ಮನೆ ಮಣ್ಣಾಯಿತು, ಮಗ್ಗದ ಚೌಕಟ್ಟು ಬೀಳುತ್ತಿದ್ದ ತೊಲೆಯನ್ನು ತಡೆದು ತಾನು ಮುರಿಯಿತು, ಎರಡು ತಾಸಿನ ಮೇಲೆ ಅವನನ್ನು ಜೀವಂತವಾಗಿ ಎಳೆದು ತೆಗೆದರು.

ಮರುದಿನ ಶಿವವ್ವ ಕುಣಿಯನ್ನು ಗುಡಿಸಿ, ವಿಭೂತಿ ಹಚ್ಚಿ, ಹೂವು ಏರಿಸಿ, ಕಾಯಿ ಒಡೆದಳು. ನೇಕಾರರ ಓಣಿಯಲ್ಲಿ ಜೀವ ಉಳಿದ ಮನೆಯವರೆಲ್ಲ ಹಾಗೆಯೇ ಮಾಡಿದರು. ಅನ್ನ ಕೊಟ್ಟ ಕುಣಿ, ಈಗ ಜೀವವನ್ನೂ ಕೊಟ್ಟಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯ ತಪ್ಪೇನೂ ಇರಲಿಲ್ಲ, ತಪ್ಪಾದದ್ದು ಪೂಜೆಯಿಂದಲೇ.

ಹಾನಿ ಸಮೀಕ್ಷೆಗೆ ಬಂದ ಎಂಜಿನಿಯರ್ ಸಿದ್ಧಾಂತ ಮೂಡಬಿದಿರೆ ಕಡೆಯ ತರುಣ. ಸಭ್ಯ ಹುಡುಗ, ಆದರೆ ಕುಣಿ ಮಗ್ಗ ಕಂಡವನಲ್ಲ. ಮಗ್ಗ ಮುರಿದು ಹೋಗಿದ್ದರಿಂದ ಕಾಣುವ ಅವಕಾಶವೂ ಇರಲಿಲ್ಲ. ಮಣ್ಣಿನ ಗುಡ್ಡೆಯ ನಡುವೆ ಹೂವು ಏರಿಸಿಕೊಂಡು ಕೂತಿದ್ದ ಕುಣಿಯ ಮುಂದೆ ಅವನು ಮೊಬೈಲು ಹಿಡಿದು ನಿಂತ.

"ಇದು ಗಟ್ಟಿ ಇದೆಯಾ ಅಮ್ಮಾ?" ಎಂದು ಕೇಳಿದ.

"ಗಟ್ಟಿ ಅಂದ್ರ? ನಮ್ಮ ಮಾವನವರ ಅಪ್ಪ ಕಟ್ಟಿಸಿದ್ದರಿ. ಒಂದ ಕಲ್ಲ ಸೈತ ಅಲುಗಿಲ್ಲ ನೋಡ್ರಿ," ಎಂದಳು ಶಿವವ್ವ. ಅವಳ ದನಿಯಲ್ಲಿ ಹೆಮ್ಮೆಯಿತ್ತು.

"ಇದರೊಳಗೆ ಮನುಷ್ಯರು ಇರಬಹುದಾ?"

"ಇದ್ರಲ್ರಿ. ನಮ್ಮ ಮನಿಯವರು ಎರಡ ತಾಸು ಇದ್ರು. ಇದರಾಗ ಇದ್ರಂತನ ಉಳದಾರ."

ಸಿದ್ಧಾಂತ ಅಳೆದ. ಉದ್ದ ಮೂರೂವರೆ ಅಡಿ, ಅಗಲ ಎರಡೂವರೆ, ಆಳ ಎರಡೂವರೆ. ಮೊಬೈಲಿನ ನಮೂನೆಯಲ್ಲಿ 'ನೆಲಮಟ್ಟಕ್ಕಿಂತ ಕೆಳಗೆ ಕಟ್ಟಡವಿದೆಯೇ?' ಎಂಬ ಪ್ರಶ್ನೆಯಿತ್ತು, 'ಹೌದು' ಒತ್ತಿದ. ಶಿವವ್ವನ ಕಡತಕ್ಕೆ ಹೀಗೆ ಬಂದು ಸೇರಿತು: "ನೆಲಮಾಳಿಗೆ: ಒಂದು. ಸ್ಥಿತಿ: ಉತ್ತಮ. ವಾಸಯೋಗ್ಯ, ಈಗಾಗಲೇ ವಾಸಿಸಲಾಗಿದೆ. ಪೂಜಾ ಸೌಲಭ್ಯ: ಇದೆ. ಹಾನಿ: ಭಾಗಶಃ." ಭಾಗಶಃ ಹಾನಿಗೆ ಶೆಡ್ ಇಲ್ಲ. ಬಿರುಕು ಮುಚ್ಚಿಕೊಳ್ಳಲು ಒಂದು ಚೀಲ ಸಿಮೆಂಟು ಇದೆ, ಅದನ್ನು ಆ ದಿನವೇ ತಲುಪಿಸಲಾಯಿತು.

ಶಿವವ್ವ ಕೋಶಕ್ಕೆ ಬಂದಳು. ಜೊತೆಗೆ ಮಗಳು ಕಾವ್ಯ, ದಿನ ತುಂಬಿದ ಬಸುರಿ, ಚೊಚ್ಚಲ ಬಾಣಂತನಕ್ಕೆಂದು ರನ್ನ ಬೆಳಗಲಿಯ ಅತ್ತೆಮನೆಯಿಂದ ತವರಿಗೆ ಬಂದವಳು. ತವರು ಈಗ ಸಾಲಿಯ ಪಡಸಾಲೆಯಲ್ಲಿತ್ತು. ಸೋಮವಾರ ಸಾಲಿ ತೆರೆಯುವುದಿತ್ತು, ಅಷ್ಟರೊಳಗೆ ಜಾಗ ಬಿಡಬೇಕಿತ್ತು.

ನಮ್ಮ ವಿಶೇಷಾಧಿಕಾರಿ ಅನಂತಪ್ಪನವರು ತೇರದಾಳದವರು. ಜನ್ಮದಲ್ಲಿ ಯಾರ ಮೇಲೂ ದನಿ ಏರಿಸಿದವರಲ್ಲ. ಬಸುರಿಗೆ ಕುರ್ಚಿ ಹಾಕಿಸಿದರು, ನೀರು ಕೊಡಿಸಿದರು, ಕಡತ ತರಿಸಿ ಓದಿದರು.

"ಅಕ್ಕಾರ, ನಿಮ್ಮ ಮನಿ ಪೂರ್ತಿ ಬಿದ್ದಿಲ್ಲರಿ," ಎಂದರು.

"ಬಿದ್ದೈತ್ರಿ ಸಾಹೇಬ್ರ. ನಾ ಅದರ ಮ್ಯಾಲ ಹಾಯ್ದ ಬಂದೇನಿ."

"ಮ್ಯಾಲಿಂದು ಬಿದ್ದೈತಿ. ಕೆಳಗಿಂದು ಐತಲ್ರಿ."

"ಅದು ಕುಣಿರಿ. ಅದರಾಗ ಒಬ್ಬ ಮನಷ್ಯಾನ ಎರಡ ಕಾಲ ಹಿಡಿತಾವ್ರಿ."

"ಕಾಲ ಹಿಡದಾವು ಅಂದಮ್ಯಾಲ ಉಳದದ್ದು ಹೊಂದಾಣಿಕಿ," ಎಂದರು ಅನಂತಪ್ಪನವರು ಮೃದುವಾಗಿ.

"ನಮಗ ಬ್ಯಾಡ್ರಿ," ಎಂದಳು ಶಿವವ್ವ. "ನಾವು ಗಂಡ ಹೆಂಡತಿ ಎಲ್ಲ್ಯರ ಇರ್ತೇವಿ. ಮನಿ ಬಿದ್ದೈತಿ, ನಿಮ್ಮ ಸೊಸಿನ್ನ ಕರಕೊಂಡ ಹೋಗ್ರಿ ಅಂತ ಬೀಗರಿಗೆ ಯಾವ ಬಾಯಿಲೆ ಹೇಳ್ಲಿ? ಹುಟ್ಟೂ ಕೂಸಿನ ತಲಿ ಮ್ಯಾಲ ನೀರ ಬೀಳಬಾರದು. ಅಷ್ಟ ಮಾಡ್ರಿ."

ಅನಂತಪ್ಪನವರ ಕಣ್ಣು ತುಂಬಿತು. ಇದು ಸುಳ್ಳಲ್ಲ, ನಾನು ಎದುರಿಗೇ ಇದ್ದೆ. "ಆಕಿ ಹೇಳಿದ್ದನ್ನ ಹೇಳಿದಂಗ ಬರಕೋ," ಎಂದು ನನಗೆ ಆಜ್ಞೆ ಮಾಡಿದರು. "ಬೇಡಿಕೆ: ಹುಟ್ಟುವ ಕೂಸಿನ ತಲೆಯ ಮೇಲೆ ನೀರು ಬೀಳಬಾರದು" ಎಂದು ಬರೆದುಕೊಂಡೆ. ನನಗೂ ಸಂಕಟವಾಯಿತು. ಸಂಕಟಕ್ಕೆ ನಮೂನೆಯಲ್ಲಿ ಜಾಗ ಇರಲಿಲ್ಲ.

ಇತ್ತ ಚನಮಲ್ಲಪ್ಪ ಒಂದು ಉಪಾಯ ಮಾಡಿದ. ಕುಣಿ ಇರುವುದರಿಂದಲೇ ಶೆಡ್ ಇಲ್ಲವೆಂದಾದರೆ ಕುಣಿಯೇ ಬೇಡ ಎಂದು, ತನ್ನ ಅಜ್ಜ ಕಟ್ಟಿಸಿದ, ತನ್ನ ಜೀವ ಉಳಿಸಿದ ಕುಣಿಗೆ ಕೈಮುಗಿದು, ಬಿದ್ದ ಗೋಡೆಯ ಮಣ್ಣನ್ನೇ ತುಂಬಿ ಮುಚ್ಚಿದ. ಮುಚ್ಚುವಾಗ ಅತ್ತನೆಂದು ಪಕ್ಕದ ಮನೆಯ ಮುತ್ತಣ್ಣ ಹೇಳಿದ. ಮೂರನೆಯ ದಿನ ಅವನಿಗೆ ನೋಟೀಸು ಹೋಯಿತು:

"ತಾವು ಸಮೀಕ್ಷೆಗೆ ಒಳಪಟ್ಟ, ಸುಸ್ಥಿತಿಯಲ್ಲಿದ್ದ ನೆಲಮಾಳಿಗೆಯೊಂದನ್ನು ಭೂಕಂಪದ ಸಹಾಯವಿಲ್ಲದೆ ನಾಶಪಡಿಸಿರುತ್ತೀರಿ. ಮನುಷ್ಯಕೃತ ಹಾನಿಯು ಪ್ರಕೃತಿ ವಿಕೋಪದ ವ್ಯಾಪ್ತಿಗೆ ಬರುವುದಿಲ್ಲ. ಏಳು ದಿನಗಳೊಳಗೆ ಸದರಿ ನೆಲಮಾಳಿಗೆಯನ್ನು ಮೊದಲಿದ್ದ ಅಳತೆಗೆ ತರತಕ್ಕದ್ದು. ತಪ್ಪಿದಲ್ಲಿ ಸಿಮೆಂಟಿನ ಚೀಲವನ್ನು ಹಿಂಪಡೆಯಲಾಗುವುದು."

ಬಡವನ ಸಿಟ್ಟು ದವಡೆಗೆ ಮೂಲ. ಚನಮಲ್ಲಪ್ಪ ಗುದ್ದಲಿ ತೆಗೆದುಕೊಂಡು ಮತ್ತೆ ತೋಡಿದ. ಅವನು ತೋಡುತ್ತಿದ್ದಾಗಲೇ ಆಸ್ಪತ್ರೆಯಲ್ಲಿ ಕಾವ್ಯ ಹೆಣ್ಣುಕೂಸನ್ನು ಹೆತ್ತಳು.

ಕೋಶ ಕೈಕಟ್ಟಿ ಕೂತಿರಲಿಲ್ಲ. ಈ ಪ್ರಕರಣದಿಂದ ಪಾಠ ಕಲಿತು 'ನೆಲಮಾಳಿಗೆ ಸಂರಕ್ಷಣಾ ಸುತ್ತೋಲೆ' ಹೊರಡಿಸಿತು. ಭೂಕಂಪಕ್ಕೂ ಜಗ್ಗದ ನೆಲಮಾಳಿಗೆಗಳು ಮಳೆಯಿಂದ ಹಾಳಾಗಬಾರದು, ಆದ್ದರಿಂದ ಪ್ರತಿ ನೆಲಮಾಳಿಗೆಗೆ ಮುಚ್ಚಲು ತಲಾ ಒಂದು ತಗಡು ಎಂದು ಅದರಲ್ಲಿತ್ತು. ಒಂದೇ ತಗಡಾದ್ದರಿಂದ ಮೇಲಿನವರ ಮಂಜೂರಾತಿ ಬೇಕಿರಲಿಲ್ಲ. ಸೋಮವಾರ ಪೆಂಡಾಲು ಹಾಕಿ, ಹಾರ ಹಾಕಿಸಿ, ಮೊದಲ ತಗಡನ್ನು ಶಿವವ್ವನಿಗೆ ಹಸ್ತಾಂತರಿಸಲಾಯಿತು. ಕಾರ್ಯಕ್ರಮ ಮುಗಿದ ಮೇಲೆ ಪೆಂಡಾಲು ಬಿಚ್ಚಿಕೊಂಡು ಹೋದರು.

ಮುತ್ತಣ್ಣ ಇದನ್ನೆಲ್ಲ ನೋಡುತ್ತಿದ್ದ. ಅವನದು ವಿದ್ಯುತ್ ಮಗ್ಗ, ಕುಣಿ ಇಲ್ಲ. ಹಾಗಾಗಿ ಅವನ ಮನೆ ಪೂರ್ಣ ಕುಸಿತವೆಂದು ತೀರ್ಮಾನವಾಗಿ, ಶೆಡ್ಡಿನ ಮಂಜೂರಾತಿ ಪತ್ರ ಎಂದೋ ಕೈಗೆ ಬಂದಿತ್ತು. ಶೆಡ್ ಬಂದಿರಲಿಲ್ಲ. ಮರುದಿನ ಅವನು ತನ್ನ ಜಾಗದಲ್ಲಿ ಗುದ್ದಲಿ ಹಾಕಿದ. ಏನು ಮಾಡುತ್ತಿದ್ದೀಯೆಂದು ನಾನು ಕೇಳಿದೆ.

"ನೆಲಮಾಳಿಗಿ ತೋಡಾಕತ್ತೇನ್ರಿ. ಕಾಗದದಾಗಿನ ಶೆಡ್ಡಿಗಿಂತ ಕೈಯಾಗಿನ ತಗಡ ಛಲೋ ಅಲ್ರಿ?" ಎಂದ.

ವಾರದೊಳಗೆ ಓಣಿಯ ತುಂಬ ಕುಣಿಗಳಾದವು. ನೇಯ್ಗೆ ಗೊತ್ತಿಲ್ಲದವರೂ ತೋಡಿದರು. ಸಿದ್ಧಾಂತ ಎಲ್ಲವನ್ನೂ ಅಳೆದು ಸ್ಥಿತಿ ಉತ್ತಮವೆಂದು ಬರೆದುಕೊಂಡ. ನೆಲದ ಮೇಲೆ ಒಂದೂ ಮನೆಯಿಲ್ಲದ ಓಣಿಯಲ್ಲಿ ವಸತಿರಹಿತರ ಸಂಖ್ಯೆ ಸೊನ್ನೆಗೆ ಇಳಿಯಿತು.

ಆ ಶನಿವಾರ ಸಂಜೆ ಮಳೆ ಬಂತು. ಅನಂತಪ್ಪನವರು ಕೊಡೆ ಹಿಡಿದು, ಸಿದ್ಧಾಂತನನ್ನೂ ನನ್ನನ್ನೂ ಕರೆದುಕೊಂಡು ಸ್ಥಳ ಪರಿಶೀಲನೆಗೆ ಹೊರಟರು. ಚನಮಲ್ಲಪ್ಪ ನೀರು ನುಗ್ಗದಂತೆ ಕುಣಿಯ ಸುತ್ತ ಮಣ್ಣಿನ ಒಡ್ಡು ಹಾಕಿ, ಒಡ್ಡು ಕರಗಿದಲ್ಲಿ ಕೈಯಿಂದ ಮಣ್ಣು ಒತ್ತುತ್ತಿದ್ದ. ಸಿಮೆಂಟಿನ ಚೀಲ ನೆನೆದು ಕಲ್ಲಾಗಿತ್ತು. ಅದರ ಮೇಲೆ ಎಂಟು ದಿನದ ಬಾಣಂತಿ ಕಾವ್ಯ ತೊಯ್ದು ಕೂತಿದ್ದಳು. ಶಿವವ್ವ ಅವಳ ತಲೆಯ ಮೇಲೆ ತನ್ನ ಸೆರಗು ಹಿಡಿದು ನಿಂತಿದ್ದಳು, ಸೆರಗಿನಿಂದ ನೀರು ಸೋರುತ್ತಿತ್ತು.

ಅನಂತಪ್ಪನವರು ಕುಕ್ಕರಗಾಲಲ್ಲಿ ಕೂತು ತಗಡನ್ನು ತುಸು ಎತ್ತಿ ಇಣುಕಿದರು. ಒಳಗೆ ಹಳೆಯ ಸೀರೆಯ ಮಡಿಕೆಯ ಮೇಲೆ ಕೂಸು ಬೆಚ್ಚಗೆ ಮಲಗಿತ್ತು. ಸಿದ್ಧಾಂತ ಕೂಸನ್ನು ಅಳೆದು, ಮೂರು ವರ್ಷದವರೆಗೆ ಮನೆ ಸಾಲುತ್ತದೆ ಎಂದ. ಅನಂತಪ್ಪನವರು ಹೇಳಿದರು, ನಾನು ಬರೆದೆ: "ಕೂಸಿನ ತಲೆಯ ಮೇಲೆ ನೀರು ಬಿದ್ದಿರುವುದಿಲ್ಲ. ಅರ್ಜಿದಾರರ ಬೇಡಿಕೆ ಪೂರ್ಣವಾಗಿ ಈಡೇರಿದೆ. ಕಡತ ಮುಕ್ತಾಯ."

"ಖರೇ ಹೌದಲ್ರಿ ಅಕ್ಕಾರ?" ಎಂದು ಕೇಳಿದರು.

ಶಿವವ್ವ ತಗಡಿನ ಕಡೆ ನೋಡಿದಳು. "ಖರೇ ಐತ್ರಿ," ಎಂದಳು.

ಸಹಿ ಮಾಡಲು ಬಗ್ಗಿದಾಗ ಅವಳ ಕೂದಲಿನ ನೀರು ಹಾಳೆಯ ಮೇಲೆ ಬಿದ್ದು ಶಾಯಿ ಹರಡಿತು. ಒದ್ದೆ ಕಡತವನ್ನು ಮುಕ್ತಾಯ ಮಾಡಲು ಬರುವುದಿಲ್ಲ. ಎಲ್ಲಾದರೂ ಒಣಗಲು ಇಡಬೇಕೆಂದು ಸುತ್ತ ನೋಡಿದೆವು. ಹೊಸ ಕುಣಿಗಳಲ್ಲೆಲ್ಲ ನೀರು ನಿಂತಿತ್ತು, ಓಣಿಯಲ್ಲಿ ಒಣಗಿದ ಜಾಗ ಒಂದೇ ಇತ್ತು. ಶಿವವ್ವ ತಗಡು ಎತ್ತಿ, ಕೂಸನ್ನು ಒಂದು ಬದಿಗೆ ಸರಿಸಿ, ಕಡತಕ್ಕೆ ಜಾಗ ಮಾಡಿಕೊಟ್ಟಳು.