ಆಲ್ಡರ್ ಹಾಲೊ ಶಾಲೆಯ ನಾಲ್ಕು ಚಿಲಕಗಳು

ಆಲ್ಡರ್ ಹಾಲೊ ಎಲಿಮೆಂಟರಿ ಶಾಲೆಯ ಹುಡುಗಿಯರ ಶೌಚಾಲಯದಲ್ಲಿ ನಾಲ್ಕು ಬಾಗಿಲುಗಳಿದ್ದು, ನಾಲ್ಕಕ್ಕೂ ಚಿಲಕವಿಲ್ಲ. ಇದು ಯಾರ ಅಲಕ್ಷ್ಯದಿಂದಲೂ ಆದದ್ದಲ್ಲ. ಹೊಸ ಮಾದರಿಯ ಸುರಕ್ಷಿತ ಚಿಲಕ ಹಾಕಬೇಕೆಂಬ ಸದುದ್ದೇಶದಿಂದ ಹಳೆಯ ನಾಲ್ಕನ್ನೂ ಬೇಸಿಗೆ ರಜೆಯಲ್ಲಿ ಬಿಚ್ಚಲಾಯಿತು. ಹೊಸ ಮಾದರಿ ಯಾವುದೆಂಬುದನ್ನು ತರುವಾಯ ನಿರ್ಧರಿಸತಕ್ಕದ್ದು ಎಂದು ಅದೇ ಆದೇಶದಲ್ಲಿ ಸ್ಪಷ್ಟವಾಗಿ ಬರೆದಿದೆ.

ನಾನು ಅಶ್ವತ್ಥನಾರಾಯಣ, ಮೈಸೂರಿನವನು, ಶ್ರೀಮತಿ ಕೀರ್ತಿಯವರ ಚುನಾವಣಾ ಸಮಿತಿಯ ಕಾರ್ಯದರ್ಶಿ. ರೆಡ್ಮಂಡಿಗೂ ಕರ್ಕ್‌ಲ್ಯಾಂಡಿಗೂ ನಡುವೆ ಸಿಕ್ಕಿಕೊಂಡಿರುವ ನಾಲ್ಕಾರು ಸರ್ಕಾರಿ ಶಾಲೆಗಳನ್ನು ನಡೆಸುವ ನಮ್ಮ ಪುಟ್ಟ ಶಾಲಾ ಜಿಲ್ಲೆಯಲ್ಲಿ ನಡೆದದ್ದನ್ನು ಕೆಲವರು ಪಾಟ್‌ಲಕ್ ಊಟಗಳಲ್ಲಿ ನಗೆಚಾಟಿಕೆಯಂತೆ ಹೇಳಿಕೊಂಡು ತಿರುಗುತ್ತಿದ್ದಾರೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ, ಮತ್ತು ಅದಕ್ಕೆ ನನ್ನ ಬಳಿ ದಾಖಲೆಗಳಿವೆ.

ಕೀರ್ತಿಯವರು ಗದಗದ ಕಡೆಯವರು. ಗಂಡ ಪ್ರಭುದೇವ ಸೌತ್ ಲೇಕ್ ಯೂನಿಯನ್ ಬಡಾವಣೆಯ ಒಂದು ದೊಡ್ಡ ಕಂಪನಿಯಲ್ಲಿ ಇಂಜಿನಿಯರು. ಮಗಳು ಶೀತಲ್, ಆಗ ಎಂಟು ವರ್ಷ, ಸದರಿ ಶಾಲೆಯಲ್ಲಿ ಮೂರನೇ ತರಗತಿ. ಸೆಪ್ಟೆಂಬರಿನ ಎರಡನೇ ವಾರದಿಂದ ಶೀತಲ್‌ಳ ನೀರಿನ ಬಾಟಲಿ ಬೆಳಿಗ್ಗೆ ತುಂಬಿ ಹೋಗಿ ಸಂಜೆ ತುಂಬಿಯೇ ವಾಪಸು ಬರತೊಡಗಿತು. ಕೇಳಿದರೆ ‘ಐ ವಾಸ್ ನಾಟ್ ಥರ್ಸ್ಟಿ’ ಅಂದಳು. ಅಕ್ಟೋಬರಿನಲ್ಲಿ ಮಗುವಿಗೆ ಮೂತ್ರದ ಸೋಂಕಾಗಿ ಜ್ವರ ಬಂತು. ನೀರು ಚೆನ್ನಾಗಿ ಕುಡಿಯಲಿ, ಬಂದಾಗ ತಡೆದುಕೊಳ್ಳದಿರಲಿ ಅಂತ ಡಾಕ್ಟರು ಹೇಳಿದರು. ಆಗ ಬಾಯಿ ಬಿಟ್ಟಳು: ಬಾಗಿಲು ಹಾಕೋಕೆ ಆಗಲ್ಲ, ಯಾರಾದರೂ ತಳ್ಳಿಬಿಡ್ತಾರೆ, ಅದಕ್ಕೇ ಹೋಗಲ್ಲ, ಹೋಗಬಾರದು ಅಂತಲೇ ಕುಡಿಯಲ್ಲ.

ತಾಯಿಗೆ ಸಂಕಟವಾಗದೆ ಇರುತ್ತದೆಯೇ? ಆದರೆ ಕೀರ್ತಿಯವರೂ ನಮ್ಮ ಹಾಗೆ ಸಾಫ್ಟ್‌ವೇರಿನವರು. ಈ ದೇಶದಲ್ಲಿ ಎಲ್ಲದಕ್ಕೂ ಒಂದು ಟಿಕೆಟ್, ಅಂದರೆ ಆನ್‌ಲೈನ್ ದೂರು, ಹಾಕಿದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ರಕ್ತಗತ. ಜಿಲ್ಲೆಯ ವೆಬ್‌ಸೈಟಿನಲ್ಲಿ ಟಿಕೆಟ್ ಹಾಕಿದರು. ಎರಡೇ ದಿನಕ್ಕೆ ಉತ್ತರ ಬಂತು: ‘ನಿಮ್ಮ ಸಮಸ್ಯೆಯನ್ನು ಸ್ವೀಕರಿಸಲಾಗಿದೆ. ಸ್ವೀಕರಿಸಿದ್ದರಿಂದ ಮುಕ್ತಾಯಗೊಳಿಸಲಾಗಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?’ ಅಭ್ಯಾಸಬಲದಿಂದ ಪ್ರಭುದೇವ ಐದು ಕೊಟ್ಟುಬಿಟ್ಟರು. ಪ್ರಿನ್ಸಿಪಾಲರನ್ನು ಕೇಳಿದರೆ ಬಾಗಿಲು ಶಾಲೆಯದು, ಚಿಲಕ ಜಿಲ್ಲೆಯದು ಎಂದರು. ಜಿಲ್ಲೆಯವರು ಇದು ಚುನಾಯಿತ ಶಾಲಾ ಮಂಡಳಿಯ ಮುಂದೆ ಹೇಳಬೇಕಾದ ಮಾತು ಎಂದು ಕೈ ತೊಳೆದುಕೊಂಡರು.

ಮಂಡಳಿಯ ಸಭೆಯಲ್ಲಿ ಸಾರ್ವಜನಿಕರು ಮಾತಾಡಬಹುದು. ಇಪ್ಪತ್ತು ಜನ, ತಲಾ ಎರಡು ನಿಮಿಷ. ಹೆಸರು ನೋಂದಣಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಪ್ರಭುದೇವ ಒಂದು ಸಣ್ಣ ಪ್ರೋಗ್ರಾಂ ಬರೆದು ಒಂದೂವರೆ ಸೆಕೆಂಡಿನಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಜಾಗ ಹಿಡಿದರು. ಸಭೆಯ ಸಂಜೆ ನಾವು ಇಪ್ಪತ್ತು ಜನ ಕನ್ನಡಿಗರು ಸಾಲಾಗಿ ನಿಂತು ಚಿಲಕದ ವಿಷಯ ಮಾತಾಡಿದೆವು. ನಾನು ಹದಿನೇಳನೆಯವನು. ಐವರು ಸದಸ್ಯರೂ ತಲೆ ಆಡಿಸುತ್ತ ಕೇಳಿದರು. ಕೊನೆಗೆ ಅಧ್ಯಕ್ಷೆ ಓಲ್ಸನ್ ಅವರು, ‘ಮಂಡಳಿಯು ಆಲಿಸುತ್ತದೆ, ಉತ್ತರಿಸುವುದಿಲ್ಲ. ಇದು ನಮ್ಮ ನೀತಿ. ಬಂದದ್ದಕ್ಕೆ ಧನ್ಯವಾದ’ ಎಂದು ಮುಂದಿನ ವಿಷಯಕ್ಕೆ ಹೋದರು.

ಪಾರ್ಕಿಂಗ್ ಜಾಗದಲ್ಲಿ ಕೀರ್ತಿಯವರು ನನಗೆ ಹೇಳಿದರು, “ಅಶ್ವತ್ಥ್ ಅವ್ರ, ಈ ಕಡೆ ನಿಂತು ಹೇಳಿದ್ರ ಆಗೂದಿಲ್ಲರಿ. ನಾನ ಆ ಕುರ್ಚಿ ಮ್ಯಾಲೆ ಕುಂದರ್ತೀನಿ.”

ಹೀಗೆ ಚುನಾವಣಾ ಸಮಿತಿ ಹುಟ್ಟಿತು. ಹದಿನಾಲ್ಕು ಜನ ಸದಸ್ಯರು. ಅವರಲ್ಲಿ ಇಲ್ಲಿನ ಪೌರತ್ವವೂ ಮತದಾನದ ಹಕ್ಕೂ ಇದ್ದವರು ಕೀರ್ತಿ ದಂಪತಿ ಇಬ್ಬರೇ. ಉಳಿದ ನಾವೆಲ್ಲ ಗ್ರೀನ್ ಕಾರ್ಡಿನ ಸರದಿಯಲ್ಲಿದ್ದೇವೆ, ನನ್ನ ಸರದಿ ಲೆಕ್ಕದ ಪ್ರಕಾರ ನನ್ನ ತೊಂಬತ್ತೊಂದನೇ ವಯಸ್ಸಿಗೆ ಬರುತ್ತದೆ. ಓಟಿಲ್ಲದವರ ಉತ್ಸಾಹಕ್ಕೆ ಎಲ್ಲೆ ಎಲ್ಲಿ? ನಾಲ್ಕು ಸಾವಿರ ಮನೆ ಬಾಗಿಲು ತಟ್ಟಿದೆವು. ಚಿಲಕ ಎಂಬ ಶಬ್ದ ಮತದಾರರಿಗೆ ನಕಾರಾತ್ಮಕವಾಗಿ ಕೇಳಿಸುತ್ತದೆ ಎಂದು ಸಮಿತಿಯ ಸಮೀಕ್ಷೆಯಲ್ಲಿ ಕಂಡುಬಂದದ್ದರಿಂದ, ‘ಪ್ರತಿ ಮಗುವಿಗೂ ತೆರೆದ ಬಾಗಿಲು’ ಎಂಬ ಘೋಷವಾಕ್ಯವನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು. ಮನೆಮುಂದಿನ ಹುಲ್ಲಿನ ಮೇಲೆ ನೆಡುವ ಪ್ರಚಾರದ ಬೋರ್ಡುಗಳಲ್ಲೆಲ್ಲ ಅದೇ. ಕೀರ್ತಿಯವರು ಮಾತ್ರ ಒಮ್ಮೆ, “ಬಾಗಲಾ ಮುಚ್ಚಬೇಕಂತನ ಅಲ್ಲೇನ್ರಿ ನಾವು ನಿಂತದ್ದು?” ಎಂದು ಕೇಳಿದ್ದುಂಟು. ಗೆದ್ದಮೇಲೆ ಮುಚ್ಚೋಣ ಎಂದು ಸಮಾಧಾನ ಹೇಳಿದೆ. ಮರುವರ್ಷದ ನವೆಂಬರಿನಲ್ಲಿ ಇನ್ನೂರ ಹನ್ನೊಂದು ಮತಗಳಿಂದ ಗೆದ್ದರು. ಪ್ರಮಾಣವಚನದ ದಿನ ನಾನೇ ಮೈಸೂರು ಪಾಕ್ ಹಂಚಿದೆ, ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು.

ಮೊದಲ ಸಭೆಯಲ್ಲೇ ಕೀರ್ತಿಯವರು ಮೈಕಿನ ಗುಂಡಿ ಒತ್ತಿ ಚಿಲಕದ ಮಾತೆತ್ತಿದರು. ಓಲ್ಸನ್ ಅವರು ಬಹಳ ಮೃದುವಾಗಿ ಮಂಡಳಿಯ ಕೈಪಿಡಿಯ ಹದಿನಾಲ್ಕನೇ ಪುಟ ತೆಗೆದು ತೋರಿಸಿದರು: ‘ಸದಸ್ಯರು ಗುರಿಗಳ ಬಗ್ಗೆ ಮಾತ್ರ ಮಾತಾಡತಕ್ಕದ್ದು. ಸಾಧನಗಳ ಬಗ್ಗೆ ಮಾತಾಡತಕ್ಕದ್ದಲ್ಲ.’

“ಚಿಲಕ ಗುರಿಯೋ ಸಾಧನವೋ?” ಎಂದು ಕೀರ್ತಿ ಕೇಳಿದರು.

“ಸಾಧನ. ಅನುಮಾನವೇ ಇಲ್ಲ.”

“ಹಾಗಾದರೆ ಅದರ ಬಗ್ಗೆ ಯಾರು ಮಾತಾಡಬಹುದು?”

“ಸಾರ್ವಜನಿಕರು. ಎರಡು ನಿಮಿಷ.”

“ನಾನು ರಾಜೀನಾಮೆ ಕೊಟ್ಟರೆ ಮಾತಾಡಬಹುದೇ?”

“ಧಾರಾಳವಾಗಿ. ನಾವು ಆಲಿಸುತ್ತೇವೆ.”

ಇದಲ್ಲದೆ ಅವರ ಮಗಳು ಅದೇ ಶೌಚಾಲಯ ಬಳಸಬಹುದಾದ್ದರಿಂದ ಇದರಲ್ಲಿ ಅವರ ಸ್ವಹಿತಾಸಕ್ತಿಯಿದೆ ಎಂದು ಮಂಡಳಿಯ ವಕೀಲರು ಅಭಿಪ್ರಾಯ ಕೊಟ್ಟರು. ಬಳಸುವುದಿಲ್ಲ ಎಂದು ಕೀರ್ತಿಯವರು ಹೇಳಿದ್ದಕ್ಕೆ, ಹಾಗಿದ್ದರೆ ಅಹವಾಲೇ ಇಲ್ಲವಲ್ಲ ಎಂದು ವಕೀಲರು ಬರೆದುಕೊಂಡರು. ವಕೀಲರ ಕೆಲಸದಲ್ಲಿ ಒಂದು ಎಳೆ ಆಚೀಚೆ ಇರುವುದಿಲ್ಲ.

ಆದರೂ ಮಂಡಳಿಯವರು ಕಲ್ಲುಮನಸ್ಸಿನವರಲ್ಲ. ಕೀರ್ತಿಯವರ ಗೌರವಾರ್ಥ ಒಂದು ಗುರಿಯನ್ನೇ ರೂಪಿಸಿದರು: ‘ಮೂರು ವರ್ಷಗಳೊಳಗೆ ಶೇಕಡಾ ಎಪ್ಪತ್ತರಷ್ಟು ವಿದ್ಯಾರ್ಥಿನಿಯರು ಬಾಗಿಲು-ಆತ್ಮವಿಶ್ವಾಸ ಹೊಂದಿರತಕ್ಕದ್ದು.’ ಮೊದಲ ಸಮೀಕ್ಷೆಯಲ್ಲಿ ಶೇಕಡಾ ಮೂವತ್ತೊಂದು ಬಂತು. ಅದನ್ನು ಏರಿಸಲು ಉಪಸಮಿತಿ, ಉಪಸಮಿತಿಗೆ ಕೀರ್ತಿಯವರೇ ಕಾರ್ಯದರ್ಶಿ. ಪದವಿ ಮನುಷ್ಯರನ್ನು ಹೇಗೆ ಬೆಳೆಸುತ್ತದೆ ನೋಡಿ. ಆರು ತಿಂಗಳಲ್ಲಿ ಅವರು ಸೂಚ್ಯಂಕ, ಚೌಕಟ್ಟು, ಪಾಲುದಾರಿಕೆ ಎಂದು ನಿರರ್ಗಳವಾಗಿ ಮಾತಾಡತೊಡಗಿದರು. ಮನೆಯಲ್ಲಿ ಪ್ರಭುದೇವ ಏನಾದರೂ ಕೇಳಿದರೆ, “ನಿಮ್ಮ ಮಾತು ಆಲಿಸೀನಿ” ಅನ್ನುತ್ತಿದ್ದರಂತೆ. ಪಾಪ, ಅವರು ಕೇಳಿದ್ದು ಸಾರಿಗೆ ಉಪ್ಪು ಹಾಕಿದ್ದೀಯಾ ಅಂತ.

ಈ ಮಧ್ಯೆ ಪ್ರಭುದೇವನ ತಾಯಿ ಗಂಗವ್ವನವರು ಆರು ತಿಂಗಳ ಮಟ್ಟಿಗೆ ಗದಗಿನಿಂದ ಬಂದರು. ಮೊಮ್ಮಗಳ ಬಾಟಲಿಯನ್ನು ಒಂದು ವಾರ ನೋಡಿದರು. ಎಂಟನೇ ದಿನ ಸೊಸೆಯನ್ನು ಕೂಡಿಸಿಕೊಂಡು ಪೂರ್ತಿ ಕಥೆ ಕೇಳಿದರು.

“ಅಲ್ಲವಾ ಕೀರ್ತಿ, ನಾಕ ಚಿಲಕಾ ತಂದು ಬಡದ್ರ ಮುಗೀತಲ್ಲ. ಇದಕ್ಕ ಇಲೆಕ್ಷನ್ ಯಾಕ ಬೇಕಿತ್ತು?”

“ಹಂಗ ಮಾಡಾಕ ಬರಂಗಿಲ್ಲರಿ ಅತ್ತಿ. ಅದು ಸಾಧನ.”

“ಅದೇನರ ಇರವಲ್ದ್ಯಾಕ. ಕೂಸು ನೀರ ಕುಡೀವಲ್ದು.”

ಶಾಲೆಯಲ್ಲಿ ಅಜ್ಜ-ಅಜ್ಜಿಯರ ದಿನ ಎಂದು ಒಂದು ಆಚರಣೆಯಿದೆ. ಗಂಗವ್ವನವರು ಇಳಕಲ್ ಸೀರೆ ಉಟ್ಟು, ಕೈಚೀಲದಲ್ಲಿ ಮಗ ಹಾರ್ಡ್‌ವೇರ್ ಅಂಗಡಿಯಿಂದ ತಂದುಕೊಟ್ಟ ನಾಲ್ಕು ಚಿಲಕ ಮತ್ತು ಒಂದು ಸ್ಕ್ರೂಡ್ರೈವರ್ ಇಟ್ಟುಕೊಂಡು ಹೋದರು. ಉಳಿದ ಅಜ್ಜಿಯರು ಮೊಮ್ಮಕ್ಕಳ ಚಿತ್ರಗಳನ್ನು ನೋಡುತ್ತಿದ್ದ ಹೊತ್ತಿನಲ್ಲಿ ನಾಲ್ಕೂ ಬಾಗಿಲಿಗೆ ಚಿಲಕ ಕೂಡಿಸಿ ಬಂದರು. ಅಂದು ಸಂಜೆ ಶೀತಲ್‌ಳ ಬಾಟಲಿ ಖಾಲಿ ಬಂತು. ನನಗೆ ಪ್ರಭುದೇವ ಫೋನ್ ಮಾಡಿ ಹೇಳಿದರು. ನನಗೂ ತುಂಬ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಬೆಳಿಗ್ಗೆ ಏಳಕ್ಕೆ ಜಿಲ್ಲೆಯ ಮೂರು ವಾಹನಗಳು ಬಂದವು. ನಲವತ್ತು ನಿಮಿಷದಲ್ಲಿ ಚಿಲಕಗಳನ್ನು ಬಿಚ್ಚಿ, ಒಂದೊಂದನ್ನೂ ಪ್ರತ್ಯೇಕ ಚೀಲದಲ್ಲಿ ಹಾಕಿ, ಚೀಟಿ ಅಂಟಿಸಲಾಯಿತು. ಆಡಳಿತ ಎಷ್ಟು ಚುರುಕಾಗಿರಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಮಂಡಳಿ ಇದರ ಬಗ್ಗೆ ಚರ್ಚಿಸಲಿಲ್ಲ, ಬಿಚ್ಚುವುದೂ ಸಾಧನವೇ. ‘ಅನಧಿಕೃತ ಅಳವಡಿಕೆ’ ಮಾಡಿದ ಗಂಗವ್ವನವರು ಇನ್ನು ಮುಂದೆ ಶಾಲೆಯ ಆವರಣಕ್ಕೆ ಕಾಲಿಡಬಾರದೆಂಬ ನೋಟಿಸು ಮಾತ್ರ ಹೊರಟಿತು. ಅದಕ್ಕೆ ಸಹಿ ಮಾಡಬೇಕಾದವರು ಉಪಸಮಿತಿಯ ಕಾರ್ಯದರ್ಶಿ.

ಕೀರ್ತಿಯವರು ಸಹಿ ಮಾಡಿದರು. ಸಂಜೆ ಚಹಾದ ಜೊತೆ ತಾವೇ ಅತ್ತೆಗೆ ತಲುಪಿಸಿದರು. “ಅತ್ತಿ, ಮುಟ್ಟೇತಿ ಅಂತ ಇಲ್ಲೊಂದು ಸಹಿ ಹಾಕ್ರಿ.”

ಗಂಗವ್ವನವರು ಕನ್ನಡಕ ಹಾಕಿಕೊಂಡು ಸೊಸೆಯ ಸಹಿಯನ್ನೇ ಸ್ವಲ್ಪ ಹೊತ್ತು ನೋಡಿ, ಕೆಳಗೆ ತಮ್ಮದನ್ನು ಹಾಕಿದರು. ಸಿಟ್ಟು ಮಾಡಲಿಲ್ಲ. ವೀಸಾ ಮುಗಿದು ಹೋಗುವಾಗ, ನೋಟಿಸಿನ ಜೊತೆ ಜಿಲ್ಲೆಯವರು ಹಿಂತಿರುಗಿಸಿದ್ದ ಆ ನಾಲ್ಕು ಚಿಲಕಗಳನ್ನು ಚೀಲದ ಸಮೇತ ಒಯ್ದರು. ತಮ್ಮೂರಿನ ಸಾಲಿಯೊಳಗ ಹಾಕಸ್ತೀನಿ ಅಂದರಂತೆ. ಅಲ್ಲಿ ಯಾವ ಅಡ್ಡಿಯೂ ಬರಲಿಲ್ಲವೆಂದು ತಿಳಿದುಬಂದಿದೆ.

ಇತ್ತ ಉಪಸಮಿತಿ ‘ಬಾಗಿಲು-ಸಂಗಾತಿ’ ಯೋಜನೆಯನ್ನು ಜಾರಿಗೆ ತಂದಿತು. ಒಳಗೆ ಹೋದವಳ ಬಾಗಿಲನ್ನು ಹೊರಗೆ ಇನ್ನೊಬ್ಬಳು ಹಿಡಿದು ನಿಲ್ಲತಕ್ಕದ್ದು. ಮಕ್ಕಳಲ್ಲಿ ನಾಯಕತ್ವ, ಪರೋಪಕಾರ ಎರಡೂ ಬೆಳೆಯುತ್ತವೆ. ಎರಡನೇ ಸಮೀಕ್ಷೆಯನ್ನು ಹೊರಗೆ ನಿಂತವರ ಹತ್ತಿರ ಮಾಡಲಾಯಿತು, ಒಳಗಿದ್ದವರನ್ನು ಮಾತಾಡಿಸುವುದು ಸಭ್ಯತೆಯಲ್ಲವಲ್ಲ. ಎಪ್ಪತ್ತನಾಲ್ಕು ಬಂತು. ಗುರಿಗಿಂತ ನಾಲ್ಕು ಹೆಚ್ಚು, ಅವಧಿಗಿಂತ ಎರಡು ವರ್ಷ ಮೊದಲು.

ಈ ಸಾಧನೆಯನ್ನು ಅಂಗೀಕರಿಸುವ ಸಭೆ ಮರುವರ್ಷದ ಮಾರ್ಚಿನ ಒಂದು ಬುಧವಾರ ಸಂಜೆ ನಾಲ್ಕೂವರೆಗೆ ಸೇರಿತು. ನಾನು ಮುಂದಿನ ಸಾಲಿನಲ್ಲಿದ್ದೆ. ಸಾರ್ವಜನಿಕರ ಪಟ್ಟಿಯಲ್ಲಿ ಹನ್ನೊಂದನೇ ಹೆಸರು ಓದಿದಾಗ ಕೀರ್ತಿಯವರು ಕಾಗದದಿಂದ ತಲೆ ಎತ್ತಿದರು. ಶೀತಲ್ ಶಾಲೆಯ ಚೀಲ ಬೆನ್ನಿಗೇರಿಸಿಕೊಂಡೇ ಮೈಕಿನ ಹತ್ತಿರ ಹೋಗುತ್ತಿದ್ದಳು. ಅಪ್ಪನ ಪ್ರೋಗ್ರಾಮನ್ನು ಅವಳೇ ಓಡಿಸಿದ್ದಳೆಂದು ಆಮೇಲೆ ಗೊತ್ತಾಯಿತು.

ಮೈಕನ್ನು ಯಾರೋ ಕೆಳಗೆ ಬಗ್ಗಿಸಿಕೊಟ್ಟರು. ಇಂಗ್ಲಿಷಿನಲ್ಲೇ ಮಾತಾಡಿದಳು, ಅವಳು ಯಾವಾಗಲೂ ಹಾಗೆಯೇ. ತಾನು ಬಾಗಿಲು-ಸಂಗಾತಿಯೆಂದೂ, ವಾರಕ್ಕೆ ನಲವತ್ತು ಸಲ ಬೇರೆಯವರಿಗಾಗಿ ಬಾಗಿಲು ಹಿಡಿಯುತ್ತೇನೆಂದೂ, ಅದಕ್ಕೆ ಸರ್ಟಿಫಿಕೇಟು ಸಿಕ್ಕಿದೆಯೆಂದೂ ಹೇಳಿದಳು. ಎಲ್ಲರೂ ಮೆಚ್ಚಿ ನಕ್ಕರು. ಆಮೇಲೆ ತಾಯಿಯ ಕಡೆ ತಿರುಗಿದಳು. ಬೇರೆಯವರಿಗೆ ಗೊತ್ತಾಗುವುದು ಬೇಡ ಅನ್ನಿಸಿತೋ ಏನೋ, ಅಜ್ಜಿಯಿಂದ ಕಲಿತ ಕನ್ನಡದಲ್ಲಿ ಮೆಲ್ಲಗೆ ಅಂದಳು:

“ಅಮ್ಮಾ, ನಾ ಇನ್ನೂ ನೀರ ಕುಡ್ಯಂಗಿಲ್ಲ. ನಂಗ ನಾಚಿಕಿ ಬರ್ತೈತಿ.”

ಗಡಿಯಾರದಲ್ಲಿ ಇನ್ನೂ ಹತ್ತು ಸೆಕೆಂಡು ಉಳಿದಿತ್ತು. ಕೀರ್ತಿಯವರ ಕೈ ಮೈಕಿನ ಗುಂಡಿಯ ಮೇಲೆ ಹೋಯಿತು. ಓಲ್ಸನ್ ಅವರು ಬಹಳ ಮೃದುವಾಗಿ ಕೈಪಿಡಿಯನ್ನು ಅವರ ಕಡೆ ಸರಿಸಿದರು. ಹತ್ತು ಸೆಕೆಂಡು ತಾಯಿ ಮಗಳನ್ನು ನೋಡಿದರು, ಮಗಳು ತಾಯಿಯನ್ನು ನೋಡಿದಳು. ನಾನು ಕುರ್ಚಿಯಿಂದ ಅರ್ಧ ಎದ್ದೆ. ಕಾರ್ಯದರ್ಶಿಯಾದವನಿಗೆ ಇದು ಶೋಭಿಸದು, ಆದರೆ ಎದ್ದೆ. ಗಂಟೆ ಬಡಿಯಿತು.

“ಆಲಿಸಿದ್ದೇವೆ, ಧನ್ಯವಾದ. ಮುಂದಿನವರು,” ಎಂದರು ಕೀರ್ತಿ.

ನಡಾವಳಿಯಲ್ಲಿ ‘ಅನ್ಯಭಾಷೆಯಲ್ಲಿ ಒಂದೆರಡು ವಾಕ್ಯ’ ಎಂದು ದಾಖಲಾಯಿತು. ವರದಿ ಐದು ಮತಗಳಿಂದ ಅಂಗೀಕಾರವಾಯಿತು. ಹುಡುಗಿ ಎಷ್ಟು ಚೆನ್ನಾಗಿ ಮಾತಾಡಿದಳು ಎಂದು ನಮ್ಮವರೆಲ್ಲ ಪ್ರಭುದೇವನ ಕೈ ಕುಲುಕಿದರು.

ಸಭೆ ಮುಗಿದ ಕೂಡಲೇ ಕೀರ್ತಿಯವರು ಪಾರ್ಕಿಂಗ್ ಜಾಗಕ್ಕೆ ಹೆಚ್ಚುಕಡಿಮೆ ಓಡಿದರು. ಕಾರಿನ ಪಕ್ಕ ಮಗಳ ಮುಂದೆ ಮಂಡಿಯೂರಿ ಕುಳಿತು, ಅವಳ ಎರಡೂ ಕೈ ಹಿಡಿದುಕೊಂಡು ಬಾಯಿ ತೆರೆದರು.

“ಇಟ್ಸ್ ಓಕೆ, ಅಮ್ಮಾ,” ಅಂದಳು ಶೀತಲ್. “ಯು ಆರ್ ನಾಟ್ ಸಪೋಸ್ಡ್ ಟು ಆನ್ಸರ್.”

ಮಗುವಿಗೂ ನಿಯಮ ತಿಳಿದಿದೆ. ತಾನೇ ಬಾಗಿಲು ತೆಗೆದು ಹತ್ತಿ ಬೆಲ್ಟ್ ಹಾಕಿಕೊಂಡಳು. ಬೇಗ ಮನೆಗೆ ಹೋಗೋಣ, ಬೆಳಿಗ್ಗೆಯಿಂದ ಬಾತ್‌ರೂಮಿಗೆ ಹೋಗಿಲ್ಲ ಅಂದಳು.